ತೊಂಬತ್ತೊಂದು, ಕನ್ನಡದಲ್ಲಿ

ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಪರೀಕ್ಷೆಯ ಫಲಿತಾಂಶವೇ ನೆನಪಾಗುತ್ತದೆ. ದೆಹಲಿಯಲ್ಲಿ ಮೆಟ್ರೋಗಾಗಿ ರಸ್ತೆ ಅಗೆಯುತ್ತಿದ್ದ ವರ್ಷಗಳು ಅವು. ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮಾರ್ಚ್ ಮುಗಿಯುವ ಹೊತ್ತಿಗೆ ಅಮ್ಮ ರಜಾಯಿ, ಸ್ವೆಟರುಗಳನ್ನು ಬಿಸಿಲಿಗೆ ಹಾಕಿ, ಮಡಚಿ, ನುಸಿಗುಳಿಗೆ ಉದುರಿಸಿ ಟ್ರಂಕಿಗೆ ತುಂಬುತ್ತಿದ್ದಳು. ನಮ್ಮ ಇನಾಮಿನ ನೋಟುಗಳೂ ಅದೇ ಟ್ರಂಕಿನಲ್ಲಿರುತ್ತಿದ್ದವು. ಗಣಿತದಲ್ಲಿ ತೊಂಬತ್ತು ದಾಟಿದರೆ ನೂರು ರೂಪಾಯಿ, ಎಂಬತ್ತು ದಾಟಿದರೆ ಹತ್ತು. ಅಪ್ಪನದು ಇನ್ನೊಂದು ಷರತ್ತಿತ್ತು: ಅಂಕವನ್ನು ಕನ್ನಡದಲ್ಲೇ ಹೇಳಬೇಕು, ಬಾಯಲ್ಲಿ ಬಂದ ಅಂಕಕ್ಕಷ್ಟೇ ದುಡ್ಡು. ದಿನವಿಡೀ ಆಫೀಸಿನಲ್ಲಿ ಹಿಂದಿ ಕಡತ ತಿರುವಿ ಬರುತ್ತಿದ್ದ ಅವರಿಗೆ ಮನೆಯೊಳಗಾದರೂ ಕನ್ನಡ ಉಳಿಯಬೇಕಿತ್ತು. ನೀವೂ ಪರವೂರಿನಲ್ಲಿ ಮಕ್ಕಳನ್ನು ಬೆಳೆಸಿದವರಾದರೆ ಆ ಆಸೆ ನಿಮಗೆ ಗೊತ್ತು.

ನನಗೆ ಅದು ಸುಲಭದ ಸಂಪಾದನೆ. ಅಮ್ಮನ ಸೆರಗು ಹಿಡಿದೇ ಬೆಳೆದವಳು, ಗಿಣಿಯ ಹಾಗೆ ಒಪ್ಪಿಸುತ್ತಿದ್ದೆ. ನನಗಿಂತ ಮೂರು ವರ್ಷ ದೊಡ್ಡವನಾದ ಗಿರಿ ಅಣ್ಣನ ಕನ್ನಡ ಮಾತ್ರ ಬೀದಿಯ ಕ್ರಿಕೆಟ್ಟಿನಲ್ಲಿ ಹಿಂದಿಯಾಗಿಬಿಟ್ಟಿತ್ತು, ಗಣಿತವೂ ಅಷ್ಟಕ್ಕಷ್ಟೇ. ಒಂಬತ್ತನೇ ಕ್ಲಾಸಿನಲ್ಲಿ ಅದೇನು ಹಟ ಹಿಡಿದನೋ, ಚಳಿಗಾಲವಿಡೀ ರಜಾಯಿ ಹೊದ್ದು ಲೆಕ್ಕ ಮಾಡಿ ತೊಂಬತ್ತೊಂದು ತೆಗೆದ. ಶಾಲೆಯಿಂದ ಬರುವ ದಾರಿಯಲ್ಲೇ ಕಾರ್ಡು ನನಗೆ ತೋರಿಸಿದ್ದ. ಅದನ್ನು ಬೆನ್ನ ಹಿಂದೆ ಹಿಡಿದು ಅಪ್ಪನ ಮುಂದೆ ನಿಂತಾಗ ಅವನ ಕಿವಿ ಕೆಂಪಾಗಿತ್ತು.

"ಎಷ್ಟು ಬಂತೋ?" ಎಂದರು ಅಪ್ಪ.

"ಎಂಬತ್ತೊಂದು."

ಹಿಂದಿಯಲ್ಲಿ ಎಣಿಸುವ ದೆಹಲಿಯ ಕನ್ನಡದ ಮಕ್ಕಳಿಗೆ ಎಂಬತ್ತು, ತೊಂಬತ್ತು ಸದಾ ಅದಲು ಬದಲು. ಅಪ್ಪ ಕಾರ್ಡು ನೋಡಿ ನಕ್ಕರು. ಟ್ರಂಕು ತೆರೆದು ಹತ್ತರ ನೋಟು ಅವನ ಕೈಗಿಟ್ಟು, "ನೀನು ಹೇಳಿದ್ದಕ್ಕೆ ಇಷ್ಟೇ ಮರಿ. ಮುಂದಿನ ಸಲ ಸರಿಯಾಗಿ ಹೇಳು" ಎಂದರು. ಅಮ್ಮನೂ ನಕ್ಕಳು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಪಿಸುಗುಟ್ಟಿ ತಿದ್ದಬಹುದಿತ್ತು, ನನ್ನ ಮೇಲುಗೈ ತಪ್ಪೀತೆಂದು ತಿದ್ದಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ. ಗಿರಿ ಅಣ್ಣ "ರಹನೇ ದೋ, ಪಾಪಾ", ಇರಲಿ ಬಿಡಿ, ಎಂದು ನೋಟನ್ನು ಅಲ್ಲೇ ಬಿಟ್ಟು ಹೊರಗೆ ಹೋದ. ಅಪ್ಪನನ್ನು ಅವನು ಪಾಪಾ ಎಂದದ್ದು ಅಂದೇ ಮೊದಲು. ಆಮೇಲೆ ಅವನ ಬಾಯಲ್ಲಿ ನಾನು ಕನ್ನಡ ಕೇಳಲಿಲ್ಲ.

ವರ್ಷಗಳ ಮೇಲೆ ಅಮ್ಮ ತೀರಿಕೊಂಡಳು. ಆ ಕ್ವಾರ್ಟರ್ಸನ್ನೂ ಕೆಡವಿದರು. ನೋಯ್ಡಾದಲ್ಲಿ ಗಿರಿ ಅಣ್ಣನ ಫ್ಲಾಟಿನಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದ ಕೊನೆಯ ವಾರ ನಾನೂ ಅಲ್ಲಿದ್ದೆ. ಅಣ್ಣ ಸೇವೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಮೈ ಒರೆಸುತ್ತಿದ್ದ, ಗಂಜಿ ಕುಡಿಸುತ್ತಿದ್ದ. ಮಾತು ಮಾತ್ರ ಹಿಂದಿ, ಅದೂ ಎಷ್ಟು ಬೇಕೋ ಅಷ್ಟು. ಒಂದು ಮಧ್ಯಾಹ್ನ ಅಪ್ಪ ನನ್ನ ಕೈ ಹಿಡಿದು, "ಅವತ್ತು ನೂರೇ ಕೊಡಬೇಕಿತ್ತು ಅಂತ ಹೇಳಮ್ಮ ಅವನಿಗೆ" ಎಂದರು. ಅಣ್ಣ ಅಲ್ಲೇ ಮಂಚದ ತುದಿಯಲ್ಲಿ ಕೂತು ಅವರ ಕಾಲು ಒತ್ತುತ್ತಿದ್ದ. ಅವನಿಗೆ ಅರ್ಥವಾಗದ ಮಾತೇನೂ ಅಲ್ಲ. ಆದರೂ ನಾನು ಹಿಂದಿಯಲ್ಲಿ ಹೇಳಿದೆ. ಒತ್ತುತ್ತಿದ್ದ ಕೈ ನಿಂತಿತು. ಪಾಪಾಗೆ ಮಲಗಲು ಹೇಳು ಎಂದು ಹಿಂದಿಯಲ್ಲೇ ನನಗೆ ಹೇಳಿ, ಮತ್ತೆ ಕಾಲು ಒತ್ತತೊಡಗಿದ.