ನಿದ್ದೆ ಹತ್ತಿದ ಮೇಲೆ ಒಳಗೆ ಬಾ

ಬಂಗಾರಪೇಟೆಯ ಆ ಖಾಸಗಿ ಆಸ್ಪತ್ರೆಯ ಮುಂದೆ ಇಡ್ಲಿ ಗಾಡಿಯವನು ಈಗಷ್ಟೇ ಸ್ಟೌ ಹಚ್ಚುತ್ತಿದ್ದಾನೆ. ಮೇಲಿನ ಮಹಡಿಯ ಆಪರೇಷನ್ ಥಿಯೇಟರಿನಲ್ಲಿ ಮಾತ್ರ ದೀಪಗಳು ಆಗಲೇ ಉರಿಯುತ್ತಿವೆ. ಹಸಿರು ಅಂಗಿ, ಹಸಿರು ಟೋಪಿ ಹಾಕಿಕೊಂಡ ಸುಕನ್ಯ ಆಮ್ಲಜನಕದ ಸಿಲಿಂಡರಿನ ಕೀಲಿ ತಿರುವಿ, ಕಿವಿ ಹತ್ತಿರ ತಂದು ಆಲಿಸುತ್ತಾರೆ. ಎಲ್ಲೂ ಸೋರುತ್ತಿಲ್ಲ. ಅರಿವಳಿಕೆ ಯಂತ್ರದ ಕೊಳವೆಯ ಬಾಯಿಗೆ ಅಂಗೈ ಒತ್ತಿ ರಬ್ಬರಿನ ಚೀಲವನ್ನು ಹಿಸುಕಿ ನೋಡುತ್ತಾರೆ. ಗಂಟಲೊಳಗೆ ಬೆಳಕು ಬಿಡುವ ಉಪಕರಣದ ಬಲ್ಬನ್ನು ತಮ್ಮ ಅಂಗೈ ಮೇಲೆ ಹೊತ್ತಿಸಿ ಪರೀಕ್ಷಿಸುತ್ತಾರೆ. ಉಸಿರಿನ ನಳಿಕೆಗಳನ್ನು ಸಣ್ಣದರಿಂದ ದಪ್ಪದವರೆಗೆ ಸಾಲಾಗಿ ಜೋಡಿಸಿ, ಮೇಲೆ ಬಟ್ಟೆ ಹೊದಿಸುತ್ತಾರೆ.

ಕಾರಿಡಾರಿನಲ್ಲಿ ಸ್ಟ್ರೆಚರಿನ ಗಾಲಿಯ ಸದ್ದು ಕೇಳುತ್ತದೆ. ಇಷ್ಟೆಲ್ಲ ಸಿದ್ಧ ಮಾಡಿದವರು ಈಗ ರೋಗಿಯ ತಲೆಯ ಹತ್ತಿರ ನಿಲ್ಲಬೇಕು. ಸುಕನ್ಯ ನಿಲ್ಲುವುದಿಲ್ಲ. ಪಕ್ಕದ ಬಾಗಿಲಿನಿಂದ ಕೈ ತೊಳೆಯುವ ಕೋಣೆಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾರೆ. ಒಳಗೆ ಅರಿವಳಿಕೆಯ ವೈದ್ಯರು ರೋಗಿಯ ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ಈ ಸಲ ರಾಗಿ ಹೇಗಾಯಿತು ಎಂದು ಕೇಳುತ್ತಾರೆ. ರೋಗಿಯ ಉತ್ತರ ನಡುವೆಯೇ ನಿಂತುಹೋಗುತ್ತದೆ. ಸ್ವಲ್ಪ ಹೊತ್ತು ಯಂತ್ರದ ಸದ್ದು ಮಾತ್ರ. ಆಮೇಲೆ ಕರೆ ಬರುತ್ತದೆ.

“ಆಯ್ತು, ಬಾರಮ್ಮ.”

ಸುಕನ್ಯ ಒಳಗೆ ಬರುತ್ತಾರೆ. ಆಪರೇಷನ್ ಮುಗಿಯುವವರೆಗೂ ಉಸಿರು, ರಕ್ತದೊತ್ತಡ, ಡ್ರಿಪ್ಪು ಎಲ್ಲದರ ಮೇಲೂ ಅವರದೇ ಕಣ್ಣು. ಹೊಲಿಗೆ ಹಾಕಿ ಮುಗಿದು, ರೋಗಿ ಕೆಮ್ಮುತ್ತಾ ಕಣ್ಣು ಬಿಡುವ ಹೊತ್ತಿಗೆ ಅವರು ಮತ್ತೆ ಬಾಗಿಲ ಹಿಂದೆ.

ಸುಕನ್ಯ ಅವರಿಗೆ ಇಪ್ಪತ್ತಾರು ವರ್ಷ. ಕೋಲಾರದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಆಪರೇಷನ್ ಥಿಯೇಟರ್ ಟೆಕ್ನಾಲಜಿಯ ಮೂರನೇ ವರ್ಷದ ವಿದ್ಯಾರ್ಥಿನಿ. ಕೆಲಸ ಕಲಿಯಲು ಕಾಲೇಜಿನವರು ಈ ಆಸ್ಪತ್ರೆಗೆ ಹಾಕಿದ್ದಾರೆ. ವಿದ್ಯಾರ್ಥಿನಿಯಾದ್ದರಿಂದ ಸಂಬಳವಿಲ್ಲ, ಕಾಫಿ ಇದೆ. ಅವರ ಗಂಡ ತೀರಿಕೊಂಡಿದ್ದಾರೆ. ಬಾಗಿಲ ಹಿಂದೆ ನಿಲ್ಲುವುದಕ್ಕೆ ಇರುವ ಕಾರಣ ಇದೊಂದೇ.

ಬೇತಮಂಗಲದ ಕೆರೆಯಾಚೆಗಿನ ಹಳ್ಳಿ ಅವರದು. ಗಂಡ ಮುನಿರಾಜು ಸಣ್ಣ ಗೂಡ್ಸ್ ಗಾಡಿಯಲ್ಲಿ ಟೊಮೆಟೊ ಸಾಗಿಸುತ್ತಿದ್ದರು. ಒಂದು ಭಾನುವಾರ ಸಂಜೆ ಗಾಡಿ ಪಲ್ಟಿಯಾಗಿ ಸ್ಟೇರಿಂಗು ಹೊಟ್ಟೆಗೆ ಒತ್ತಿತು. ಮೈ ಮೇಲೆ ಗಾಯವೇ ಇರಲಿಲ್ಲ. ರಕ್ತವೆಲ್ಲ ಒಳಗೇ ಹರಿಯುತ್ತಿತ್ತು. ಹತ್ತಿರದ ಆಸ್ಪತ್ರೆಗೆ ಕರೆದೊಯ್ದರು. ಹೊಟ್ಟೆ ಕೊಯ್ಯುವ ಡಾಕ್ಟರು ಅಲ್ಲೇ ಇದ್ದರು, ಥಿಯೇಟರೂ ತೆರೆದಿತ್ತು. ಅರಿವಳಿಕೆ, ಅಂದರೆ ಮತ್ತು, ಕೊಡುವ ಡಾಕ್ಟರು ಮಾತ್ರ ಇರಲಿಲ್ಲ. ಅವರು ಬೆಂಗಳೂರಿನವರು, ಭಾನುವಾರ ಬರುವುದಿಲ್ಲ. ಕೋಲಾರಕ್ಕೆ ಕಳಿಸಿದರು. ಮುನಿರಾಜು ದಾರಿಯಲ್ಲೇ ಹೋದರು.

“ಬಾಗಿಲು ತೆಗ್ದಿತ್ತು. ಲೈಟು ಉರೀತಿತ್ತು. ಬೆಡ್ಡು ಖಾಲಿ ಇತ್ತು. ನಾನೇ ನೋಡಿದೀನಿ,” ಎನ್ನುತ್ತಾರೆ ಸುಕನ್ಯ. “ಅದನ್ನ ದಾಟ್ಕೊಂಡು ನಮ್ಮೋರ್ನ ವಾಪಸ್ ಗಾಡಿಗೆ ಆಕಿದ್ವಿ.”

ಮದುವೆಗೆ ಮುಂಚೆ ಅವರು ಪಿಯುಸಿಯಲ್ಲಿ ವಿಜ್ಞಾನ ಓದಿದ್ದರು. ಥಿಯೇಟರಿನಲ್ಲಿ ಕೆಲಸ ಮಾಡಲು ಒಂದು ಡಿಗ್ರಿ ಇದೆ ಎಂದು ಯಾರೋ ಹೇಳಿದಾಗ, ಅದನ್ನು ಓದಿದರೆ ತಾವೇ ಮತ್ತು ಕೊಡಬಹುದು ಎಂದುಕೊಂಡು ಸೇರಿದರು. ಹಾಗಲ್ಲ ಎಂದು ತಿಳಿದದ್ದು ಕಾಲೇಜು ಶುರುವಾದ ಮೇಲೆ. ನೀವು ಮತ್ತು ಕೊಡುವವರಲ್ಲ, ಕೊಡುವವರ ಪಕ್ಕ ನಿಲ್ಲುವವರು ಎಂದು ಮೇಷ್ಟರು ಬೋರ್ಡಿನ ಮುಂದೆ ನಿಂತು ಹೇಳಿದರಂತೆ. ಅಂದರೆ ಆ ಭಾನುವಾರ ತಾವು ಈ ಡಿಗ್ರಿ ಮುಗಿಸಿಕೊಂಡು ಅಲ್ಲೇ ನಿಂತಿದ್ದರೂ ಗಂಡ ಉಳಿಯುತ್ತಿರಲಿಲ್ಲ. ಊಟದ ಡಬ್ಬಿ ತೆರೆಯದೆ ಆವತ್ತು ಮನೆಗೆ ತಂದ ನೆನಪಿದೆ ಅವರಿಗೆ.

“ಬಿಟ್ಬಿಡೋಣ ಅನ್ನಿಸ್ತು. ಆಮೇಲೆ, ಪಕ್ಕ ನಿಲ್ಲೋದೂ ಒಂದ್ ಕೆಲ್ಸಾನೇ ಅಲ್ವಾ ಅಂದ್ಕೊಂಡೆ. ಈಗ ಪಕ್ಕಾನೂ ನಿಲ್ಸಲ್ಲ.”

ಥಿಯೇಟರಿಗೆ ಹೋಗುವ ಮುನ್ನ ಹೆಂಗಸರು ಬಟ್ಟೆ ಬದಲಿಸುವ ಸಣ್ಣ ಕೋಣೆಯೊಂದಿದೆ. ಬಳೆ, ಉಂಗುರ, ಹೂವು ಎಲ್ಲವನ್ನೂ ಅಲ್ಲೇ ಬಿಚ್ಚಿಡಬೇಕು. ತಾಳಿಯನ್ನೂ ತೆಗೆಯಬೇಕೆಂಬುದು ಇಲ್ಲಿನ ನಿಯಮ. ಸ್ಟಾಫ್ ನರ್ಸ್ ಅರುಣಕುಮಾರಿ ಚಿನ್ನದ ಗಣಿ ಕೆಲಸಗಾರರ ಊರಿಗಾಂ ಲೈನಿನವರು. ದಿನವೂ ತಾಳಿಯನ್ನು ಕಣ್ಣಿಗೊತ್ತಿಕೊಂಡು, ಕರ್ಚೀಫಿನಲ್ಲಿ ಸುತ್ತಿ, ಬ್ಯಾಗಿನ ಒಳಗಿನ ಜಿಪ್ಪಿಗೆ ಹಾಕುತ್ತಾರೆ.

“ನಿನಗೇನ್ ಮಾ, ನಮಗಿಂತ ಮುಂಚೆ ರೆಡಿ,” ಎಂದುಬಿಟ್ಟರು ಒಂದು ದಿನ. ಮರುಕ್ಷಣ ನಾಲಿಗೆ ಕಚ್ಚಿಕೊಂಡರು. “ಅಯ್ಯೋ, ತಪ್ಪಾಗಿ ಬಂತು ಮಾ ಬಾಯಲ್ಲಿ.”

“ಬಿಡಿ ಸಿಸ್ಟರ್, ನಿಜಾನೇ ಅಲ್ವಾ. ಒಂದ್ ಲಾಭಾನಾದ್ರೂ ಇರ್ಲಿ,” ಎಂದು ಸುಕನ್ಯ ನಕ್ಕರು.

ಬಳೆಯಿಲ್ಲದ ಕೈ, ಬೊಟ್ಟು ಕಾಣದ ಹಾಗೆ ಇಳಿಬಿಟ್ಟ ಟೋಪಿ, ಮೂಗಿನವರೆಗೆ ಮಾಸ್ಕು. ಒಳಗೆ ಹೋದ ಮೇಲೆ ಯಾರಿಗೆ ಗಂಡ ಇದ್ದಾನೆ, ಯಾರಿಗಿಲ್ಲ ಎಂದು ಹೇಳಲು ಯಾರಿಂದಲೂ ಆಗದು. ಮೊದಲ ತಿಂಗಳು ಸುಕನ್ಯ ಎಲ್ಲರಂತೆ ರೋಗಿಯ ತಲೆಯ ಹತ್ತಿರವೇ ನಿಂತಿದ್ದರು. ಆದರೆ ಅದು ನೋಡಿ ಕಲಿಯುವ ತಿಂಗಳು. ಕೈ ಹಾಕುವ ಸರದಿ ಬರುವ ಹೊತ್ತಿಗೆ ಕೋದಂಡಪ್ಪ ಬಂದರು.

ಕೋದಂಡಪ್ಪ ಅವರ ಊರಿನ ಹಿರಿಯರು, ಮುನಿರಾಜುವಿಗೆ ದೊಡ್ಡಪ್ಪನ ವರಸೆ. ಹರ್ನಿಯಾ ಆಪರೇಷನ್ನಿಗೆ ಬಂದಿದ್ದರು. ಟೇಬಲ್ ಮೇಲೆ ಮಲಗಿಸಿದ್ದಾರೆ, ಕೈಗೆ ಸೂಜಿ ಚುಚ್ಚಿ ಆಗಿದೆ. ಧೈರ್ಯವಾಗಿರಲಿ ಎಂದು ಸುಕನ್ಯ ಬಗ್ಗಿ, “ದೊಡ್ಡ ಮಾವ, ನಾನಿಲ್ಲೇ ಇದೀನಿ, ಎದ್ರುಕೋಬೇಡಿ,” ಎಂದರು. ದನಿಯ ಗುರುತು ಹತ್ತಿದ್ದೇ ತಡ, ಕೋದಂಡಪ್ಪ ಎದ್ದು ಕುಳಿತರು.

“ಈಯಮ್ಮನ್ನ ಆಚೆ ಕಳ್ಸಿ ಸಾರ್. ಮುನಿರಾಜನ್ನ ತಿನ್ಕೊಂಡೋಳು ಇವಳು. ನಾನು ಕಣ್ ಮುಚ್ಚೋವಾಗ ಇವಳ ಮೊಕ ನೋಡ್ಕೊಂಡ್ ಮುಚ್ಚಬೇಕಾ? ಎದ್ ಬತ್ತೀನೋ ಇಲ್ವೋ!”

ಅರಿವಳಿಕೆಯ ವೈದ್ಯರು ಗೋಡೆ ಗಡಿಯಾರ ನೋಡಿದರು. ಆಮೇಲೆ ಸುಕನ್ಯ ಕಡೆ ತಿರುಗಿ, ಮೆಲ್ಲಗೆ, ಒಳ್ಳೆಯ ಮಾತಿನಲ್ಲೇ ಹೇಳಿದರು: “ನಿದ್ದೆ ಹತ್ತಿದ ಮೇಲೆ ಒಳಗೆ ಬಾಮ್ಮ.”

ಆಪರೇಷನ್ ನಡೆದಷ್ಟು ಹೊತ್ತೂ ಕೋದಂಡಪ್ಪನವರ ಉಸಿರನ್ನು ನೋಡಿಕೊಂಡವರು ಸುಕನ್ಯ. ಅವರು ಗುಣವಾಗಿ ಊರಿಗೆ ಬಂದರು. ಈಗ ಡೇರಿಯ ಮುಂದೆ ಕುಳಿತು ಹೇಳುವುದು ಒಂದೇ ಮಾತು: “ನಾನ್ ಬಾಯ್ಬಿಟ್ಟು ಏಳಿದ್ದಕ್ಕೆ ಉಳ್ಕೊಂಡೆ. ಸುಮ್ನಿದ್ದಿದ್ರೆ ಮುಗೀತಿತ್ತು ಕತೆ.”

ಅವರು ಕೇಳಿದ್ದು ತಮ್ಮ ಒಬ್ಬರ ಮಟ್ಟಿಗೆ. ಆಮೇಲೆ ಯಾವ ರೋಗಿಯೂ ಹಾಗೆ ಕೇಳಿಲ್ಲ. ನಂದಿದುರ್ಗದ ಗಣಿ ಲೈನುಗಳಿಂದ ಬರುವವರಿಗೆ, ತಮಿಳುನಾಡಿನ ಗಡಿಯಿಂದ ಬರುವವರಿಗೆ ಸುಕನ್ಯ ಯಾರೆಂದೇ ಗೊತ್ತಿಲ್ಲ. ಆದರೂ ಮಾರನೆಯ ದಿನ ಬೆಳಗ್ಗೆ ಸ್ಟ್ರೆಚರ್ ಬರುವಾಗ ಯಾರೋ “ಸುಕನ್ಯ, ಸ್ವಲ್ಪ ಆ ಕಡೆ,” ಎಂದರು. ಅದರ ಮಾರನೆಯ ದಿನವೂ ಅಂದರು. ಮೂರನೆಯ ದಿನ ಯಾರೂ ಹೇಳುವ ಮುನ್ನ ಅವರೇ ಹೋದರು.

ಈ ಬಗ್ಗೆ ಕೇಳಿದರೆ ವೈದ್ಯರು ಸಿಟ್ಟಾಗುವುದಿಲ್ಲ. “ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ರೀ. ಆದರೆ ಹೆದರಿದ ರೋಗಿಗೆ ಬಿಪಿ ಏರುತ್ತೆ, ಎದೆ ಬಡಿತ ಜಾಸ್ತಿಯಾಗುತ್ತೆ. ಇದು ಮೂಢನಂಬಿಕೆ ಅಲ್ಲ, ಮೆಡಿಕಲ್. ಸಣ್ಣ ಊರು, ಯಾರಿಗೆ ಯಾರು ಗೊತ್ತಿರುತ್ತಾರೋ. ಹುಡುಗಿ ಒಳ್ಳೆಯವಳು, ಅರ್ಥ ಮಾಡಿಕೊಂಡಿದ್ದಾಳೆ.”

ಹುಡುಗಿ ಅರ್ಥ ಮಾಡಿಕೊಂಡಿದ್ದಕ್ಕೆ ಆದ ನಷ್ಟ ಏನೆಂದು ತಿಳಿಯಬೇಕಾದರೆ ಅವರ ಓದಿನ ಬಗ್ಗೆ ಒಂದು ಮಾತು ತಿಳಿದಿರಬೇಕು. ಅರಿವಳಿಕೆಯ ಮತ್ತು ಏರಿದ ರೋಗಿಯ ಉಸಿರು ತಾನಾಗಿ ನಡೆಯುವುದಿಲ್ಲ. ವೈದ್ಯರು ಗಂಟಲೊಳಗೆ ನಳಿಕೆ ಇಳಿಸಿ ಯಂತ್ರಕ್ಕೆ ಜೋಡಿಸುವವರೆಗಿನ ಆ ಸ್ವಲ್ಪ ಹೊತ್ತೇ ಎಲ್ಲಕ್ಕಿಂತ ಅಪಾಯದ್ದು. ಪಕ್ಕದಲ್ಲಿ ನಿಂತವರು ಕೇಳುವ ಮೊದಲೇ ಸರಿಯಾದ ನಳಿಕೆಯನ್ನು ಕೈಗಿಡಬೇಕು, ಕತ್ತಿನ ಮೇಲೆ ಬೇಕಾದ ಕಡೆ ಬೇಕಾದಷ್ಟೇ ಒತ್ತಬೇಕು, ನಳಿಕೆ ಒಳಗೆ ಹೋಗುತ್ತಿದ್ದಂತೆ ಅದರೊಳಗಿನ ತಂತಿಯನ್ನು ಎಳೆಯಬೇಕು. ಇದು ಪುಸ್ತಕ ಓದಿ ಬರುವುದಲ್ಲ, ನಿಂತು ನಿಂತು ಕೈಗೆ ಬರಬೇಕು. ಸುಕನ್ಯ ಬಾಗಿಲ ಹಿಂದೆ ಕಳೆಯುವುದು ಸರಿಯಾಗಿ ಆ ಹೊತ್ತನ್ನೇ.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಬಂದದ್ದೂ ಅದೇ. ಮೇಜಿನ ಮೇಲೆ ರಬ್ಬರಿನ ಗೊಂಬೆ, ಎದುರಿಗೆ ಹೊರಗಿನಿಂದ ಬಂದ ಪರೀಕ್ಷಕರು. ಯಂತ್ರ ಸಿದ್ಧಪಡಿಸುವುದನ್ನು ಸುಕನ್ಯ ಚೆನ್ನಾಗಿ ಮಾಡಿದರು. ಪರೀಕ್ಷಕರು ಗೊಂಬೆಯ ಬಾಯಿ ತೆರೆದು ಕೈ ಚಾಚಿದಾಗ ಮಾತ್ರ ಯಾವ ನಳಿಕೆ ಎಂದು ತಡಕಾಡಿದರು. ನಳಿಕೆಯನ್ನು ತಿರುಗುಮುರುಗಾಗಿ ಕೊಟ್ಟರು. ತಂತಿ ಎಳೆಯುವಾಗ ನಳಿಕೆಯೂ ಅದರ ಜೊತೆಗೇ ಆಚೆ ಬಂತು.

“ನೀನು ಒಂದು ಸಲವಾದರೂ ಪೇಷೆಂಟಿನ ತಲೆ ಹತ್ತಿರ ನಿಂತು ಕೈ ಹಾಕಿದ್ದೀಯೇನಮ್ಮ?”

“ಇಲ್ಲ ಸಾರ್.”

“ಮತ್ತೆ ಇಷ್ಟು ದಿನ ಎಲ್ಲಿದ್ದೆ?”

“ಬಾಗಿಲ ಹಿಂದೆ ಸಾರ್.”

ಉಳಿದ ವಿದ್ಯಾರ್ಥಿಗಳು ನಕ್ಕರು. ಪರೀಕ್ಷಕರೂ ನಕ್ಕರು. ಇದಕ್ಕಿಂತ ಒಳ್ಳೆಯ ನೆಪ ಯೋಚಿಸಿಕೊಂಡು ಬರಬೇಕಿತ್ತು ಅಂದರಂತೆ. ಥಿಯರಿಯ ಎಲ್ಲ ವಿಷಯಗಳಲ್ಲೂ ಪಾಸಾದ ಸುಕನ್ಯ ಪ್ರಾಯೋಗಿಕದಲ್ಲಿ ಫೇಲಾದರು. ಮರುಪರೀಕ್ಷೆ ಮುಂದಿನ ತಿಂಗಳಿದೆ. ಅದರಲ್ಲೂ ಹೋದರೆ ಇನ್ನೊಂದು ವರ್ಷ ಕಾಯಬೇಕು. ಅಷ್ಟು ದಿನ ಓದಿಸುವ ಶಕ್ತಿ ಮನೆಯಲ್ಲಿಲ್ಲ.

ಮನೆ ಎಂದರೆ ಅತ್ತೆ ಓಬಳಮ್ಮ ಮತ್ತು ಎರಡು ಸೀಮೆ ಹಸುಗಳು. ತವರಿನವರು ಕರೆದರೂ ಸುಕನ್ಯ ಅತ್ತೆಯನ್ನು ಬಿಟ್ಟು ಹೋಗಲಿಲ್ಲ. ಡೇರಿಗೆ ಹಾಲು ಹಾಕಿ ಸೊಸೆಯ ಫೀಸು ಕಟ್ಟುತ್ತಿರುವವರು ಓಬಳಮ್ಮನೇ. ಮುನಿರಾಜು ಕೈಗೂಸಾಗಿದ್ದಾಗಲೇ ಅವರ ಗಂಡ ತೀರಿಕೊಂಡರು. ಅಂದಿನಿಂದ ಯಾರಾದರೂ ಶುಭಕ್ಕೆ ಹೊರಟರೆ ಎದುರಿಗೆ ಬರದೆ ಪಕ್ಕಕ್ಕೆ ಸರಿಯುವುದು ಅವರಿಗೆ ಅಭ್ಯಾಸವಾಗಿದೆ. ಸೊಸೆ ಬೆಳಗಿನ ಬಸ್ಸಿಗೆ ಹೊರಡುವಾಗಲೂ ಅಷ್ಟೆ, ಅವರು ಕೊಟ್ಟಿಗೆಯ ಗೋಡೆಯಾಚೆಯೇ ಇರುತ್ತಾರೆ. ದನಿ ಬರುತ್ತದೆ, ಮುಖ ಬರುವುದಿಲ್ಲ.

ಪ್ರಾಯೋಗಿಕ ಪರೀಕ್ಷೆಯ ದಿನ ಮಾತ್ರ ಅದು ತಪ್ಪಿತು. ಸುಕನ್ಯ ಗಡಿಬಿಡಿಯಲ್ಲಿ ಊಟದ ಡಬ್ಬಿ ಮರೆತು ಹೊರಟಿದ್ದರು. ಹಸಿದುಕೊಂಡು ಪರೀಕ್ಷೆ ಬರೆಯುತ್ತಾಳಲ್ಲ ಎಂದು ಓಬಳಮ್ಮ ಡಬ್ಬಿ ಹಿಡಿದು, ಹೊಲದ ಅಡ್ಡದಾರಿಯಲ್ಲಿ ಓಡಿಬಂದು, ಕೆರೆ ಕಟ್ಟೆಯ ಮೇಲೆ ನೇರ ಎದುರಿಗೇ ನಿಂತುಬಿಟ್ಟರು. ಫೇಲಾದ ಸುದ್ದಿ ಬಂದಾಗ ಅವರು ಕಾರಣ ಕೇಳಲಿಲ್ಲ. ಅವರಿಗೆ ಕಾರಣ ಗೊತ್ತಿತ್ತು.

“ನನ್ನಿಂದ್ಲೇ ಆಯ್ತು,” ಎನ್ನುತ್ತಾರೆ ಓಬಳಮ್ಮ, ಹಸುವಿನ ಮೈ ಸವರುತ್ತಾ. “ಇಷ್ಟ್ ವರ್ಸ ಊರ್ನೋರ್ಗೆಲ್ಲ ಎದುರ್ ಬರ್ದಂಗೆ ನೋಡ್ಕೊಂಡೆ. ನನ್ ಮಗೀಗೇ ಎದುರ್ ಬಂದ್ಬಿಟ್ಟೆ. ಒಂದ್ ಡಬ್ಬಿ ಅನ್ನುಕ್ಕೆ.”

ಬಾಗಿಲ ಹಿಂದೆ ನಿಲ್ಲಿಸಿದ ಸಂಗತಿಯನ್ನು ಸುಕನ್ಯ ಬಿಡಿಸಿ ಬಿಡಿಸಿ ಹೇಳಿದ್ದಾರೆ. ಓಬಳಮ್ಮ ಎಲ್ಲ ಕೇಳಿಸಿಕೊಳ್ಳುತ್ತಾರೆ. “ಅದೂ ಇರ್ಬೌದು. ದೊಡ್ಡೋರು, ಡಾಕ್ಟ್ರು, ಸುಮ್ಸುಮ್ನೆ ಏಳ್ತಾರಾ?” ಎನ್ನುತ್ತಾರೆ.

ಮರುಪರೀಕ್ಷೆಗೆ ಮುಂಚೆ ಏನು ಬೇಕು ಎಂದು ಕೇಳಿದರೆ ಸುಕನ್ಯ ಹೇಳುವುದು ಇಷ್ಟೆ: “ದುಡ್ಡಲ್ಲ, ಕೆಲ್ಸಾನೂ ಅಲ್ಲ. ಈ ತಿಂಗ್ಳು ಒಂದಷ್ಟ್ ಜನ ಕಣ್ ಮುಚ್ಚೋವಾಗ ನನ್ನನ್ನ ಅವ್ರ ತಲೆ ಹತ್ರ ನಿಲ್ಸಿದ್ರೆ ಸಾಕು. ಅವ್ರು ಕಣ್ ಬಿಡೋವಾಗ್ಲೂ ನಾನಲ್ಲೇ ಇರ್ತೀನಿ. ಆಗ ಕೇಳ್ಲಿ ಅವರ್ನ, ಏನಾಯ್ತಪ್ಪಾ ಅಂತ.” ವೈದ್ಯರಲ್ಲಿ ಕೇಳಿಯೂ ಆಗಿದೆ. ನೋಡೋಣ ಎಂದಿದ್ದಾರೆ.

ಮಾರನೆಯ ದಿನ ಬೆಳಗ್ಗೆ. ಕೆರೆಯ ಮೇಲೆ ಮಂಜು ಇನ್ನೂ ಕರಗಿಲ್ಲ. ಕೊಟ್ಟಿಗೆಯ ಗೋಡೆಯಾಚೆ ಬಕೆಟ್ಟಿಗೆ ಹಾಲು ಬೀಳುವ ಸದ್ದು. ಬ್ಯಾಗು ಹೆಗಲಿಗೇರಿಸಿಕೊಂಡು ಅಂಗಳಕ್ಕೆ ಇಳಿದ ಸುಕನ್ಯ ಬೇಕೆಂದೇ ಡಬ್ಬಿಯನ್ನು ಜಗುಲಿಯ ಮೇಲೆ ಬಿಟ್ಟಿದ್ದಾರೆ.

“ಅತ್ತಮ್ಮ, ಓಗ್ಬತ್ತೀನಿ.”

“ಓಗ್ಬಾ ತಾಯಿ. ಡಬ್ಬಿ ತಗೊಂಡ್ಯಾ?”

“ಇಲ್ಲ. ನೀನೇ ತಂದ್ಕೊಡು.”

ಹಾಲು ಬೀಳುವ ಸದ್ದು ನಿಲ್ಲುತ್ತದೆ. “ಆಟ ಆಡ್ಬೇಡ ಕಣೆ. ಜಗ್ಲಿ ಮೇಲೈತೆ, ಎತ್ಕೊಂಡ್ ಓಗು.”

“ನೀನೂ ಒಂದೇ, ನಾನೂ ಒಂದೇ ಅತ್ತಮ್ಮ. ಮೈನಸ್ಸಿಗೆ ಮೈನಸ್ಸು ಗುಣಿಸಿದ್ರೆ ಪ್ಲಸ್ಸು ಅಂತ ಇಸ್ಕೂಲ್ನಾಗೆ ಏಳ್ಕೊಟ್ಟವ್ರೆ. ಬಾ ಈಚೆಗೆ.”

“ನಿನ್ ಇಸ್ಕೂಲ್ಗಿಷ್ಟು! ಬಸ್ ಬತ್ತದೆ, ಓಗು.”

ಸುಕನ್ಯ ಕದಲುವುದಿಲ್ಲ. ಕಟ್ಟೆಯ ಆ ತುದಿಯಲ್ಲಿ ಬಸ್ಸಿನ ಹಾರನ್ ಕೇಳುತ್ತದೆ. ಕೊಟ್ಟಿಗೆಯೊಳಗೆ ಗೊಣಗಾಟ, ಬಕೆಟ್ಟು ಪಕ್ಕಕ್ಕಿಟ್ಟ ಸದ್ದು. ಕೊನೆಗೆ ಓಬಳಮ್ಮ ಹೊರಗೆ ಬರುತ್ತಾರೆ. ಸೆರಗನ್ನು ಹಣೆಯಿಂದ ಗದ್ದದವರೆಗೆ ಪೂರ್ತಿ ಎಳೆದುಕೊಂಡಿದ್ದಾರೆ. ಗೋಡೆ ತಡವಿಕೊಂಡು ಜಗುಲಿಗೆ ನಡೆದು, ಡಬ್ಬಿ ಎತ್ತಿಕೊಂಡು, ಅದನ್ನು ಹಿಡಿದ ಕೈಯನ್ನಷ್ಟೇ ಸೊಸೆಯ ಕಡೆಗೆ ಚಾಚುತ್ತಾರೆ.

ಸುಕನ್ಯ ಡಬ್ಬಿಯನ್ನೂ ಹಿಡಿಯುತ್ತಾರೆ, ಕೈಯನ್ನೂ ಹಿಡಿಯುತ್ತಾರೆ.

“ಸೆರಗು ತೆಗಿ ಅತ್ತಮ್ಮ.”

“ಪಾಸಾಗ್ಬುಟ್ ಬಾ,” ಎನ್ನುತ್ತದೆ ಸೆರಗಿನ ಒಳಗಿನ ದನಿ. “ಆಗ ತೆಗೀತೀನಿ.”