ಉಂಡ್ಕಂಡು ಬಾ

ನೆನೆಸಿಟ್ಟ ಬಾಳೆನಾರಿಗೆ ಒಂದು ವಾಸನೆ ಇದೆ. ಹುಳಿಯೂ ಅಲ್ಲ, ಕೊಳೆತದ್ದೂ ಅಲ್ಲ, ಒದ್ದೆ ಗೋಣಿಚೀಲದ ಮೇಲೆ ಹೂವು ಬಿದ್ದಿದ್ದರೆ ಹೇಗೋ ಹಾಗೆ... ಹೋದ ವಾರ ದಕ್ಷಿಣದ ದೊಡ್ಡ ಆಸ್ಪತ್ರೆಯೊಂದರಲ್ಲಿ ನನ್ನ ಸರದಿಗೆ ಕಾಯುತ್ತ ಕೂತಿದ್ದೆ. ಗೋಡೆಯ ಗಣಪತಿ ಪಟಕ್ಕೆ ಯಾರೋ ಭಟ್ಕಳ ಮಲ್ಲಿಗೆಯ ಮಾಲೆ ಹಾಕಿದ್ದರು. ಫ್ಯಾನು ಆ ಕಡೆಯಿಂದ ಬೀಸಿದಾಗ ಉಳಿದವರಿಗೆಲ್ಲ ಹೂವಿನ ಪರಿಮಳ ಬಂದಿರಬೇಕು. ನನಗೆ ನಾರಿನದು ಬಂತು. ನಾರಿನ ಹಿಂದೆಯೇ ಅತ್ತೆ ಬಂದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ಮುಟ್ಟಳ್ಳಿಯಲ್ಲಿ ಗದ್ದೆಯಂಚಿನ ಮನೆ ಅವಳದು. ಜಗಲಿಯಲ್ಲಿ ಕಾಲು ಚಾಚಿ ಕೂತು ನೆನೆಸಿದ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಕಟ್ಟಿ ಮುಗಿಸಿದ ಮೇಲೆ ಅವಳದೊಂದು ಕ್ರಮವಿತ್ತು. ಹೆಬ್ಬೆರಳು ತೋರುಬೆರಳು ಕೂಡಿಸಿ ಸಣ್ಣ ಕಿಂಡಿ ಮಾಡಿ, ಕಣ್ಣು ಮುಚ್ಚಿ, ಇಡೀ ಮಾಲೆಯನ್ನು ಅದರೊಳಗಿಂದ ನಿಧಾನಕ್ಕೆ ಎಳೆಯುತ್ತಿದ್ದಳು. ಮೊಗ್ಗು ತಪ್ಪಿದಲ್ಲಿ, ಗಂಟು ಸಡಿಲಾದಲ್ಲಿ ಕೈ ತಾನಾಗಿ ನಿಲ್ಲುತ್ತಿತ್ತು. ಕಣ್ಣು ಬಿಟ್ಟು ನೋಡಬಾರದಾ ಎಂದು ಕೇಳಿದರೆ, "ಕಣ್ಣಿಗೆ ಹೂವು ಕಂಡ್ರೆ ಸಾಕು, ಖುಷಿಯಾಗಿ ಮುಂದೆ ಹೋತದೆ" ಎನ್ನುತ್ತಿದ್ದಳು.

ನಾನು ಶಾಲೆಯಲ್ಲಿರುವಾಗಲೇ ಅವಳ ಮೈ ಕುಣಿಯತೊಡಗಿತು. ಮೊದಲು ಹೆಗಲು ಜಗ್ಗಿದಂತೆ. ಆಮೇಲೆ ಕೈ ತಾನೇ ಹಾರುವುದು, ಮುಖ ಸೊಟ್ಟಗಾಗುವುದು, ಕೂತಲ್ಲೇ ಕಾಲು ನೆಲದ ಮೇಲೆ ಏನೋ ಬರೆಯುವುದು. ನಿದ್ದೆಯಲ್ಲಿ ಮಾತ್ರ ಎಲ್ಲ ಶಾಂತ. ನೆರೆಮನೆಯ ಅಜ್ಜಿ ನೋಡಿ, "ಮೈಮೇಲೆ ಅಮ್ಮ ಬತ್ತದೆ" ಅಂದಳು. ಅಷ್ಟು ಸಾಕಾಯಿತು. ಮಂಗಳವಾರ, ಶುಕ್ರವಾರ ಅಂಗಳದ ತುಂಬ ಜನ. ಕಳೆದುಹೋದ ಎಮ್ಮೆ, ಊರು ಬಿಟ್ಟ ಗಂಡ, ಕೂಡಿಬಾರದ ನೆಂಟಸ್ತಿಕೆ ಎಲ್ಲ ಬಂದು ಅತ್ತೆಯ ಮುಂದೆ ಕೂತವು. ಇದೇ ಕುಣಿತ ಅವಳ ಅಪ್ಪನಿಗೂ, ಅಂದರೆ ನನ್ನ ಅಜ್ಜನಿಗೂ, ಇತ್ತಂತೆ. ಅವನು ಗಂಡಸಾದ್ದರಿಂದ ಊರು ಅವನನ್ನು ಕುಡುಕ ಅಂದಿತ್ತು. ಅಜ್ಜ ಹೆಂಡ ಮುಟ್ಟಿದವನೇ ಅಲ್ಲ.

ತನ್ನ ಮೈಮೇಲೆ ಯಾರೂ ಬರುವುದಿಲ್ಲ ಎಂದು ಅತ್ತೆ ಮೊದಮೊದಲು ಹೇಳಿ ನೋಡಿದಳು. "ಅಮ್ಮ ಹಾಂಗೇ ಪರೀಕ್ಷೆ ಮಾಡೂದು" ಎಂದು ಜನ ಮತ್ತಷ್ಟು ಬಗ್ಗಿ ಕೈಮುಗಿದರು. ಆಮೇಲೆ ಅವಳೊಂದು ಉಪಾಯ ಹೂಡಿದಳು.

"ಉಂಡ್ಯಾ?"

"ಇಲ್ಲ ಅಮ್ಮ, ಕೇಳೂಕೆ ಅಂತ ಉಪಾಸ ಬಂದದ್ದು."

"ಮನಿಗೆ ಹೋಗಿ ಉಂಡ್ಕಂಡು ಬಾ. ಹೊಟ್ಟೆ ತುಂಬಿದ ಮೇಲೂ ಕೇಳ್ಲೇಬೇಕು ಅನ್ಸಿದ್ರೆ ಕೇಳು. ಒಂದ್ಸಲ ಗೊತ್ತಾದ್ರೆ ಮತ್ತೆ ಗೊತ್ತಿಲ್ದೇ ಇದ್ದಾಂಗೆ ಇರೂಕೆ ಆಗೂದಿಲ್ಲ."

ಉಣ್ಣಲು ಹೋದವರಲ್ಲಿ ಬಹಳ ಜನ ಮರಳಿ ಬರುತ್ತಿರಲಿಲ್ಲ. ಬಂದವರ ಜೊತೆ ಅವಳು ಸುಮ್ಮನೆ ಕೂರುತ್ತಿದ್ದಳು. "ಎಮ್ಮೆ ಹೋದ ದಿಕ್ಕು ನಂಗೆ ಹೆಂಗೆ ಗೊತ್ತಾತದೆ ಮಾರಾಯಾ, ನೀ ಹುಡ್ಕಿದ್ಯಾ?" ಎಂದು ಕೇಳಿದರೆ ಅದನ್ನೂ ಅಮ್ಮನ ವಾಕ್ಯವೆಂದೇ ತಿಳಿದು ಹುಡುಕಲು ಹೋಗುತ್ತಿದ್ದರು. ಎಮ್ಮೆ ಸಿಗುತ್ತಲೂ ಇತ್ತು.

ನಾನೂ ಒಮ್ಮೆ ಕೇಳಿದ್ದೆ. ಆಗಲೇ ನಾನು ಗುಡುಗಿಗೆ, ಗಣಿತಕ್ಕೆ, ಗಂಟಲಲ್ಲಿ ಸಿಕ್ಕಬಹುದಾದ ಮೀನಿನ ಮುಳ್ಳಿಗೆ ಹೆದರುವ ಹುಡುಗ. "ಅತ್ತೆ, ನಿಂಗೆ ಬಂದದ್ದು ನಂಗೂ ಬತ್ತದಾ?" ಅವಳ ಕೈ ಗಾಳಿಯಲ್ಲಿ ಎಲ್ಲೋ ಹೋಗಿ ಮರಳಿತು. "ನಿಂದು ಊಟ ಆತಾ?" ಅಂದಳು. ಒಳಗೆ ಹೋಗಿ ಉಂಡೆ. ಎರಡನೇ ಸಲ ಅನ್ನ ಹಾಕಿಸಿಕೊಂಡೆ. ಹೊರಗೆ ಬಂದವನು ಕೇಳಲಿಲ್ಲ.

ಕೊನೆಕೊನೆಗೆ ಹೂವು ಕಟ್ಟಲು ಕೂತರೆ ಹೂವೇ ಇಲ್ಲದ ಗಂಟು, ಅದರ ಮೇಲೆ ಅದೇ ಗಂಟು, ಮತ್ತೆ ಅದೇ... ನಾರು ಮುಗಿಯುವವರೆಗೆ. ಎಲ್ಲರನ್ನೂ ಉಣ್ಣಲು ಕಳಿಸಿದವಳಿಗೆ ಕಡೆಗೆ ಗಂಜಿಯ ಗುಟುಕೂ ಇಳಿಯದೆ ಹೋಯಿತು.

ಅಪ್ಪ ಪ್ರಾಯದಲ್ಲೇ ಹೆದ್ದಾರಿಯ ಅಪಘಾತದಲ್ಲಿ ಹೋಗಿಬಿಟ್ಟಿದ್ದ. ಅವನ ಮೈಯಲ್ಲಿ ಅದು ಇತ್ತೋ ಇಲ್ಲವೋ ತೋರುವಷ್ಟು ದಿನ ಅವನು ಬದುಕಲಿಲ್ಲ. ಆ ಅನುಮಾನ ಸೀದಾ ನನಗೆ ಬಂತು. ನಾನು ಹೊನ್ನಾವರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಪ್ರತಿದಿನ ಮೊದಲು ಬೋರ್ಡಿನ ಮೇಲೆ ಸ್ಕೇಲಿಲ್ಲದೆ ಒಂದು ಉದ್ದ ಗೆರೆ ಎಳೆಯುತ್ತೇನೆ. ಗೆರೆ ನೆಟ್ಟಗಿದ್ದರೆ ಆ ದಿನ ಬದುಕಿದೆ. ಮಕ್ಕಳು ಅದನ್ನು ಪಾಠದ ಭಾಗವೆಂದು ತಿಳಿದು ತಾವೂ ಎಳೆಯುತ್ತಾರೆ. ಚಹಾ ಚೆಲ್ಲಿದರೆ ನನ್ನ ಬೆನ್ನಲ್ಲಿ ಬೆವರು. ಹೀಗೇ ಯಾವುದೋ ಸುಳ್ಳು ನಡುಕ ಹಿಡಿದು ನರರೋಗದ ಡಾಕ್ಟರ ಬಳಿ ಹೋದಾಗ ಅವರು, "ಮನೆಯಲ್ಲಿ ಯಾರಿಗಾದರೂ...?" ಎಂದು ಕೇಳಿದರು. ಅತ್ತೆಯ ಕತೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಆ ಕಾಯಿಲೆಯ ಹೆಸರು ಹೇಳಿದರು, ಅದು ಹೆತ್ತವರಿಂದ ಮಕ್ಕಳಿಗೆ ಇಳಿದು ಬರುವಂಥದ್ದು ಅಂದರು. ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕರೆದರೆ ಬಂದೀತು ಎನ್ನುವ ಜಾತಿಯವನು ನಾನು.

ಅದು ನನ್ನಲ್ಲಿದೆಯೋ ಇಲ್ಲವೋ ಹೇಳುವ ರಕ್ತಪರೀಕ್ಷೆ ಬೇಡವೆಂದೇ ವರ್ಷಗಟ್ಟಲೆ ತಳ್ಳಿದೆ. ಬೇಕು ಅಂದವಳು ಮಗಳು. ಕುಮಟೆಯಲ್ಲಿ ಕೆಲಸದಲ್ಲಿದ್ದಾಳೆ. ಮದುವೆ ಮಾತು ನಡೆದಿದೆ. "ಅಪ್ಪಾ, ಹೆದರೂದು ನಿಂಗೆ ಹವ್ಯಾಸ ಇರ್ಬಹುದು. ನಂಗೆ ಹುಡುಗನ ಹತ್ರ ಹೇಳ್ದೇ ಇರೂಕೆ ಆಗೂದಿಲ್ಲ, ಹೇಳೂಕೆ ಎಂತ ಇದೆ ಅಂತ್ಲೂ ಗೊತ್ತಿಲ್ಲ." ನನ್ನಲ್ಲಿ ಇಲ್ಲವಾದರೆ ಅವಳಲ್ಲಿಯೂ ಇಲ್ಲ. ಇದ್ದರೆ ಅವಳಿಗೆ ಬಂದಿರಬಹುದು, ಬಾರದೆಯೂ ಇರಬಹುದು, ಸಮಸಮ.

ಕಡೆಗೆ ಆ ದೊಡ್ಡ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟ ದಿನ ಅಲ್ಲಿಯ ಡಾಕ್ಟರಮ್ಮ ಯಂತ್ರವನ್ನೂ ತೋರಿಸಿದರು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ನನ್ನ ಹಣೆಬರಹ ಓದಲು ಇದಕ್ಕಿಂತ ದೊಡ್ಡದೊಂದು ಬೇಕಿತ್ತು ಅನಿಸಿತು. ಅದರೊಳಗೆ ಒಂದು ಪೊರೆ, ಪೊರೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು, ರಂಧ್ರದೊಳಗೆ ಸದಾ ಹರಿಯುವ ಒಂದಿಷ್ಟು ವಿದ್ಯುತ್ತು. ನಮ್ಮ ಡಿಎನ್‌ಎ ಎಳೆ ಅದರಲ್ಲಿ ನುಸುಳಿಹೋಗುವಾಗ ಅದರ ಅಕ್ಷರಗಳು ಆ ಹರಿವನ್ನು ಬೇರೆಬೇರೆ ಥರ ತಡೆಯುತ್ತವಂತೆ. ಆ ತಡೆಯನ್ನೇ ಕಂಪ್ಯೂಟರು ಓದುತ್ತದೆ. ಈ ಕಾಯಿಲೆಯಲ್ಲಿ ಮೂರಕ್ಷರದ ಒಂದು ತುಣುಕು ಇರಬೇಕಾದ್ದಕ್ಕಿಂತ ಹೆಚ್ಚು ಸಲ, ಮತ್ತೆ ಮತ್ತೆ, ಬಂದಿರುತ್ತದೆ. "ಚೂರು ಮಾಡಿ ಓದುವ ಯಂತ್ರಗಳು ಇಂಥಲ್ಲಿ ಎಡವಬಹುದು, ಎಲ್ಲ ಚೂರೂ ಒಂದೇ ಥರ ಕಾಣುತ್ತದಲ್ಲ. ಇದು ಉದ್ದದ ಎಳೆಯನ್ನು ತುಂಡು ಮಾಡದೆ ಓದುತ್ತದೆ," ಅಂದರು. ನಾನು ತಲೆಯಾಡಿಸಿದೆ. ಕಣ್ಣ ಮುಂದೆ ಎರಡು ಬೆರಳಿನ ಕಿಂಡಿ, ಮುಚ್ಚಿದ ಕಣ್ಣು... ಹೂವಿಲ್ಲದ ಗಂಟಿನ ಮೇಲೆ ಗಂಟು. ಕುರ್ಚಿಯ ಕೈ ಹಿಡಿದುಕೊಂಡೆ.

ಹೋದ ವಾರ ಹೋದದ್ದು ಅದರ ಫಲಿತಾಂಶ ಕೇಳಲು. ಹೊನ್ನಾವರದಿಂದ ಹೊರಟ ಬಸ್ಸು ಭಟ್ಕಳ ದಾಟುವಾಗ ಮುಟ್ಟಳ್ಳಿಯ ಕಡೆ ನೋಡದೆ ಎದುರು ಸೀಟಿನ ಬೆನ್ನು ನೋಡುತ್ತ ಕೂತೆ. ಒಳಗೆ ಕರೆದಾಗ ಡಾಕ್ಟರಮ್ಮ, "ವರದಿ ಬಂದಿದೆ. ನಿಮಗೆ ಈಗಲೂ ತಿಳಿಯಬೇಕಾ? ಬೇಡ ಅಂದರೆ ಬೇಡ. ತಿಳಿದ ಮೇಲೆ ಹಿಂದಕ್ಕೆ ಹೋಗಲು ಬರುವುದಿಲ್ಲ," ಅಂದರು.

ಬಾಳೆನಾರಿನ ವಾಸನೆ ಆ ಕೋಣೆಯೊಳಗೂ ಬಂದಂತಾಯಿತು.

"ಊಟ ಮಾಡಿ ಬರ್ತೇನೆ," ಅಂದೆ.

ಅವರು ನಗಲಿಲ್ಲ. "ಆಗಲಿ, ಕಾಯುತ್ತೇನೆ," ಅಂದರು.

ಎದುರಿನ ಖಾನಾವಳಿಯಲ್ಲಿ ಕೂತೆ. ಅನ್ನ, ಸಾರು, ಹುರಿದ ಬಂಗಡೆ ಮೀನು. ಕೈ ನಡುಗುತ್ತಿತ್ತು. ಹೆದರಿಕೆಯ ನಡುಕವೋ ಅತ್ತೆಯದೋ ಎಂದು ತುತ್ತು ತುತ್ತಿಗೂ ಪರೀಕ್ಷಿಸಿದೆ. ಹೊನ್ನಾವರಕ್ಕೆ ವಾಪಸು ಹೋಗುವ ಬಸ್ಸು ಬಾಗಿಲ ಎದುರೇ ಬಂದು ನಿಂತಿತು, ಕಂಡಕ್ಟರು ಕೂಗಿದ, ಹೋಯಿತು. ಈ ಸಲ ಎರಡನೇ ಅನ್ನ ಹಾಕಿಸಿಕೊಳ್ಳಲಿಲ್ಲ. ಕೈ ತೊಳೆದು ರಸ್ತೆ ದಾಟಿದೆ.

ಇದೆ ಅಂದರು. ಇನ್ನೊಂದು ವಿಧಾನದಿಂದಲೂ ತಾಳೆ ನೋಡಿದ್ದಾರಂತೆ, ತಪ್ಪಿಲ್ಲ. ಕೈ ಕುಣಿಯುವ ದಿನ ಇನ್ನೂ ಬಂದಿಲ್ಲ, ಯಾವಾಗ ಎಂದು ಯಾವ ಯಂತ್ರವೂ ಖಚಿತವಾಗಿ ಹೇಳುವುದಿಲ್ಲ. ಇಷ್ಟು ಕಾಲ ಸುಳ್ಳೇ ಹೆದರಿದೆ ಎಂದು ನನ್ನನ್ನು ಹಾಸ್ಯ ಮಾಡುತ್ತಿದ್ದವರ ಎದುರು ಗೆದ್ದಂತಾಯಿತು. ಇಂಥ ಗೆಲುವು ಶತ್ರುವಿಗೂ ಬೇಡ.

ಬಸ್‌ಸ್ಟ್ಯಾಂಡಿನಲ್ಲಿ ಮಗಳ ಫೋನು. "ಅಪ್ಪಾ, ಎಂತ ಅಂದ್ರು?"

"ಊಟ ಆತಾ ನಿಂದು?"

ಅತ್ತೆಯ ಕತೆ ಕೇಳುತ್ತಲೇ ಬೆಳೆದ ಹುಡುಗಿ. "ಇಲ್ಲ... ರವಿವಾರ ಬತ್ತೆ. ಅಲ್ಲೇ ಉಣ್ತೆ," ಅಂದಳು.

ಇವತ್ತು ರವಿವಾರ. ಒಳಗೆ ಹೆಂಡತಿ ಅಕ್ಕಿ ತೊಳೆಯುತ್ತಿದ್ದಾಳೆ, ನೀರು ಬದಲಿಸಿ ಬದಲಿಸಿ ಅದೇ ಅಕ್ಕಿ. ನಾನು ಜಗಲಿಯಲ್ಲಿ ಕುಮಟೆಯ ಬಸ್ಸಿಗೆ ಕಿವಿ ಕೊಟ್ಟು ಕೂತಿದ್ದೇನೆ. ಮಗಳು ಉಂಡ ಮೇಲೂ ತನ್ನದನ್ನು ತಿಳಿಯಬೇಕು ಅಂದರೆ ಜೊತೆಗೆ ಹೋಗಬೇಕು, ಬೇಡ ಅಂದರೆ ಸುಮ್ಮನಿರಬೇಕು. ಸುಮ್ಮನಿರುವುದು ಹೇಗೆಂದು ಕೇಳೋಣವೆಂದರೆ ಅತ್ತೆ ಇಲ್ಲ. ಊರಿಗೆಲ್ಲ ಅತ್ತೆ ಇದ್ದಳು. ಅವಳ ಕೈ ಮೊದಲ ಸಲ ತಾನಾಗಿ ಹಾರಿದ ದಿನ, ಉಂಡ್ಯಾ ಎಂದು ಅವಳನ್ನು ಕೇಳಿದವರು ಯಾರಾದರೂ ಇದ್ದರೋ ಇಲ್ಲವೋ...