ಬಾಡದ ಜಡೆ

ಅಕ್ಷರ ಸೊಟ್ಟಗಿವೆ, ಮಾತು ಜೋಡಿಸುವುದೂ ನೆಟ್ಟಗೆ ಬರುವುದಿಲ್ಲ. ಏಳನೇ ತರಗತಿಗೇ ಶಾಲೆ ಬಿಟ್ಟ ಕೈ ಇದು. ತಪ್ಪಿದ್ದಲ್ಲಿ ಕ್ಷಮಿಸಿ ಓದಬೇಕು. ಬರೆದಿರುವುದು ಹರಿಹರದ ಗಿರಿಯಮ್ಮನ ವಿಷಯ.

ಗಿರಿಯಮ್ಮ ಮೊಗ್ಗಿನ ಜಡೆ ಕಟ್ಟುವವಳು. ಗಂಡ ತೀರಿಕೊಂಡ ಮೇಲೆ ಅವಳ ಒಲೆ ಉರಿದದ್ದು ಕೊಟ್ಟೂರೇಶನ ಫೋಟೋ ಸ್ಟುಡಿಯೋದಿಂದ. ಬೇಸಿಗೆಯಲ್ಲಿ ಹೆಣ್ಣುಮಕ್ಕಳಿಗೆ ಜಡೆ ಹಾಕಿಸಿ, ಬೆನ್ನ ಹಿಂದೆ ಕನ್ನಡಿ ಇಟ್ಟು ಫೋಟೋ ತೆಗೆಸುವುದು ಊರಿನ ವಾಡಿಕೆ. ಗಿರಿಯಮ್ಮ ಮೊದಲ ಬಸ್ಸಿಗೆ ದಾವಣಗೆರೆಗೆ ಹೋಗಿ ಬಿರಿಯದ ಮಲ್ಲಿಗೆ ತರುತ್ತಿದ್ದಳು. ಬಾಳೆಪಟ್ಟೆಯ ಮೇಲೆ ಒಂದೊಂದೇ ಮೊಗ್ಗು ಹೊಲಿದು, ನಡುವೆ ಕನಕಾಂಬರದಲ್ಲಿ ಹಂಸ, ಬಳ್ಳಿ, ಹರಿಹರೇಶ್ವರ ಗುಡಿಯ ಚಾವಣಿಯಲ್ಲಿ ಕಂಡ ಕಮಲ ಮೂಡಿಸುತ್ತಿದ್ದಳು. ಮರುದಿನಕ್ಕೆ ಎಲ್ಲ ತಿಪ್ಪೆಗೆ.

ತೊಂಬತ್ತೆಂಟರ ಯುಗಾದಿಗೆ ಮುಂಚೆ ಕೊಟ್ಟೂರೇಶ ಕರೆಸಿದ.

“ಗಿರಿಯಕ್ಕ, ಬಾಡದಂಥಾದ್ದು ಒಂದು ಜಡೆ ಮಾಡ್ಕೊಡು. ಶೋಕೇಸ್‌ನಾಗ ಇಡಾಕ. ನಿನ್ನ ಕೆಲ್ಸ ಊರಿಗೇ ಕಾಣ್ಲಿ.”

“ಬಟ್ಟಿ ಹೂವಿಂದಾ?”

“ಹ್ಞೂಂ. ನೋಡಿದೋರು ಮೂಸಬೇಕು, ಹಂಗಿರ್ಲಿ.”

ತನ್ನ ಕೆಲಸ ಉಳಿಯಲಿ ಎಂದು ಅವಳಿಗೆ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ದಾವಣಗೆರೆಯ ಚೌಕಿಪೇಟೆಯಿಂದ ಸ್ಯಾಟಿನ್ ಬಟ್ಟೆ ತಂದಳು. ಪ್ರತಿ ಮೊಗ್ಗಿನೊಳಗೂ ಹತ್ತಿ ತುಂಬಿ, ಎರಡೆಳೆ ದಾರದಲ್ಲಿ ಬಿಗಿದಳು.

“ಮದ್ವಿ ಹೆಣ್ಣಿಗೂ ಇಷ್ಟು ನಾಜೂಕು ಮಾಡಿಲ್ಲ ನೀನು,” ಎಂದಳು ಪಕ್ಕದ ಮನೆಯ ಹಜೀರಾಬೀ.

“ನಾನು ಸತ್ರೂ ಇದು ಇರ್ಬೇಕು, ತಂಗಿ.”

ಜಡೆ ಶೋಕೇಸ್ ಸೇರಿತು. ಬೇಸಿಗೆ ಬಂತು. ಸ್ಟುಡಿಯೋದಿಂದ ಕರೆ ಬರಲಿಲ್ಲ. ಕಾದು ಕಾದು ತಾನೇ ಹೋದಳು. ಕನ್ನಡಿಯ ಮುಂದೆ ಒಬ್ಬ ಹುಡುಗಿ ಕೂತಿದ್ದಳು. ಅವಳ ಬೆನ್ನ ಮೇಲೆ ಗಿರಿಯಮ್ಮನ ಸ್ಯಾಟಿನ್ ಜಡೆ. ಹೊರಗೆ ಬೆಂಚಿನ ಮೇಲೆ ಇನ್ನೂ ಹುಡುಗಿಯರು ಸರದಿ ಕಾಯುತ್ತಿದ್ದರು.

“ಶೋಕೇಸ್‌ನಾಗ ಧೂಳು ತಿಂತಿತ್ತು,” ಎಂದ ಕೊಟ್ಟೂರೇಶ, ಕ್ಯಾಮರಾದಿಂದ ಕಣ್ಣು ತೆಗೆಯದೆ.

“ಮೊಗ್ಗು ಯಾವಾಗ ತರ್ಲಿ?”

“ಇದು ಹರೀಲಿ, ಆಮೇಲೆ ನೋಡಾನ. ನೀ ಹೊಲ್ದಿದ್ದು ಎಲ್ಲಿ ಹರೀತೈತೆ ಬಿಡು.”

ಹುಡುಗಿಯ ತಾಯಿ ನಕ್ಕಳು. ಅವನೂ ನಕ್ಕ. ಫೋಟೋ ಮುಗಿದ ಮೇಲೆ ಜಡೆ ಬಿಚ್ಚಿ ಗಿರಿಯಮ್ಮನ ಕೈಗಿಟ್ಟ. “ಎಣ್ಣಿ ಹತ್ತೈತೆ. ಒಂಚೂರು ತೊಳ್ದು ಕೊಡಕ್ಕ. ಬ್ಯಾರೆಯವ್ರು ಕೆಡಿಸ್ತಾರೆ.”

ಮನೆಯಲ್ಲಿ ಕತ್ತರಿ ಹಿಡಿದು ಕೂತಳು. ಹೊಲಿಗೆ ಸಡಿಲಾದ ಕಡೆಯಿಂದ ಶುರು ಮಾಡೋಣವೆಂದು ಬೆರಳಿನಿಂದ ತಡಕಿದಳು. ಎಲ್ಲಿಯೂ ಸಡಿಲಿರಲಿಲ್ಲ. ಚೆನ್ನಾದ ಹೊಲಿಗೆಯನ್ನು ಕತ್ತರಿಸಲು ಅವಳಿಗೆ ಕೈ ಬರಲಿಲ್ಲ. ಸೀಗೆಪುಡಿಯಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಕೊಟ್ಟು ಬಂದಳು.

ಮುಂದಿನ ಸೋಮವಾರದಿಂದ ಗಿರಿಯಮ್ಮ ದಾವಣಗೆರೆ ಪಕ್ಕದ ಕರೂರಿನ ಒಂದು ಕಾರ್ಖಾನೆಗೆ ಗೋಣಿಚೀಲ ಹೊಲಿಯಲು ಹೋಗತೊಡಗಿದಳು.